ಕೆಂಪು ಕ್ಯಾಪು, ಕಿತ್ತಳೆ ಕ್ಯಾಪು

ನನ್ನ ಕೆಲಸ ಏನು ಅಂತ ಅಕ್ಕಪಕ್ಕದವರು ಕೇಳಿದರೆ ಅಮ್ಮ ಹೇಳುವುದು ಒಂದೇ ಮಾತು. "ಮೊದ್ಲು ನರ್ಸ್ ಆಗಿದ್ಲು, ಈಗ ಫೈಲ್ ಹಿಡ್ಕೊಂಡು ಓಡಾಡ್ತಾಳೆ." ಆ ಮಾತಲ್ಲಿ ಸ್ವಲ್ಪ ಬೇಜಾರೂ ಇದೆ. ಇಂಜೆಕ್ಷನ್ ಕೊಡದವಳು, ಡ್ರೆಸ್ಸಿಂಗ್ ಮಾಡದವಳು ಎಂಥ ನರ್ಸು ಅಂತ. ಇನ್ನು ವಾರ್ಡಿನ ಹುಡುಗಿಯರು ನನ್ನನ್ನು ದೂರದಲ್ಲಿ ಕಂಡ ಕೂಡಲೇ ಟ್ರಾಲಿ ಜೋಡಿಸಲು ಶುರು ಮಾಡುತ್ತಾರೆ. ಅವರ ಪಾಲಿಗೆ ನಾನು ಹೆಚ್ಚುಕಮ್ಮಿ ಪೊಲೀಸ್.

ಪೇಷಂಟ್ ಸೇಫ್ಟಿ ನರ್ಸ್ ಅಂತ ನನ್ನ ಹುದ್ದೆಯ ಹೆಸರು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆ. ಹತ್ತು ವರ್ಷ ವಾರ್ಡು, ಐಸಿಯು ಅಂತ ದುಡಿದು 2018ರಲ್ಲಿ ಈ ಕುರ್ಚಿಗೆ ಬಂದೆ. ಕಾಯಿಲೆಯಿಂದ ರೋಗಿಯನ್ನು ಕಾಪಾಡಲು ಆಸ್ಪತ್ರೆ ತುಂಬಾ ಜನ ಇದ್ದಾರೆ. ಆಸ್ಪತ್ರೆಯಿಂದ ರೋಗಿಯನ್ನು ಕಾಪಾಡಲು ಒಬ್ಬರಾದರೂ ಬೇಕಲ್ಲ, ಆ ಒಬ್ಬಳು ನಾನು. ತಪ್ಪು ಔಷಧಿ, ತಪ್ಪು ರಕ್ತ, ಬಾತ್‌ರೂಮಿನಲ್ಲಿ ಜಾರಿ ಬೀಳುವುದು, ಮಲಗಿ ಮಲಗಿ ಬೆನ್ನು ಹುಣ್ಣಾಗುವುದು, ತೊಳೆಯದ ಕೈಯಿಂದ ಅಂಟುವ ಸೋಂಕು. ಇವೆಲ್ಲ ಕಾಯಿಲೆಯ ಜೊತೆ ಬಂದಿದ್ದಲ್ಲ, ನಾವು ಕೊಟ್ಟಿದ್ದು.

ಹೆಸರು ಕೇಳುವುದರಿಂದಲೇ ಶುರು ಮಾಡುತ್ತೇನೆ. ಇದಕ್ಕಿಂತ ಸುಲಭದ ಕೆಲಸ ಇಲ್ಲ ಅಂತ ಕಾಣುತ್ತದೆ, ಅಲ್ವಾ?

ಒಮ್ಮೆ ಜನರಲ್ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದರು. ಅದೇನೂ ವಿಶೇಷವಲ್ಲ, ನಮ್ಮ ಕಡೆ ಯಾವ ವಾರ್ಡಿಗೆ ಹೋಗಿ ಲಕ್ಷ್ಮಮ್ಮ ಅಂತ ಕೂಗಿದರೂ ಇಬ್ಬರಾದರೂ ತಿರುಗುತ್ತಾರೆ. ಒಬ್ಬ ಲಕ್ಷ್ಮಮ್ಮನಿಗೆ ರಕ್ತ ಕೊಡಬೇಕಿತ್ತು. ಅದಕ್ಕೆ ಮೊದಲು ಗುಂಪು ಹೊಂದುತ್ತದಾ ಅಂತ ನೋಡಲು ಸ್ಯಾಂಪಲ್ ತೆಗೆಯಬೇಕು. ಹೊಸ ಹುಡುಗಿ ಟ್ಯೂಬ್ ಹಿಡಿದು ಹೋದಳು, ಬೆಡ್ ಹತ್ತಿರ ನಿಂತು "ಲಕ್ಷ್ಮಮ್ಮ ಅಲ್ವಾ ನೀವು?" ಅಂದಳು. ಅಜ್ಜಿ "ಹೂಂ ಕನವ್ವ" ಅಂದರು. ತಮಾಷೆ ಏನಂದರೆ ಆ ಅಜ್ಜಿ ಎರಡನೇ ಲಕ್ಷ್ಮಮ್ಮ ಕೂಡ ಅಲ್ಲ. ಅವರು ಜಯಮ್ಮ. ಕಿವಿ ಮಂದ. ಬಿಳಿ ಬಟ್ಟೆ ಹಾಕಿದವರು ನಗುನಗುತ್ತಾ ಏನೋ ಕೇಳಿದರು, ಹೂಂ ಅಂದರು, ಅಷ್ಟೇ. ನಮ್ಮ ಹಳ್ಳಿ ಕಡೆಯ ಹಿರಿಯರು ಡಾಕ್ಟರು, ಸಿಸ್ಟರು ಕೇಳಿದ್ದಕ್ಕೆ ಇಲ್ಲ ಅನ್ನುವುದೇ ಇಲ್ಲ. ಅದು ಮರ್ಯಾದೆ. ಆಸ್ಪತ್ರೆಯಲ್ಲಿ ಅದೇ ಮರ್ಯಾದೆ ಜೀವ ತೆಗೆಯಬಹುದು.

ಟ್ಯೂಬಿಗೆ ಚೀಟಿ ಅಂಟಿಸುವ ಹೊತ್ತಿಗೆ ಅಜ್ಜಿಯ ಸೊಸೆ ಬಂದು, "ಯಾಕೆ ಸಿಸ್ಟರ್, ಬೆಳಗ್ಗೆ ತಗೊಂಡ್ರಲ್ಲ ರಕ್ತ" ಅಂದಿದ್ದರಿಂದ ಸಿಕ್ಕಿಬಿತ್ತು. ಆ ಸೊಸೆ ಆ ಹೊತ್ತಿಗೆ ಕೆಳಗೆ ಕಾಫಿ ತರಲು ಹೋಗಿದ್ದರೆ ಏನಾಗುತ್ತಿತ್ತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ.

ಅವತ್ತಿನಿಂದ ನಮ್ಮಲ್ಲಿ "ಅಲ್ವಾ?" ಅಂತ ಹೆಸರು ಕೇಳುವಂತಿಲ್ಲ. "ನಿಮ್ಮ ಹೆಸರೇನಮ್ಮ?" ಅಂತ ಕೇಳಬೇಕು, ಅವರ ಬಾಯಲ್ಲೇ ಬರಬೇಕು. ಕೈಪಟ್ಟಿಯಲ್ಲಿರುವ ಆಸ್ಪತ್ರೆ ನಂಬರ್ ಕೂಡ ಹೊಂದಬೇಕು. ಬೆಡ್ ನಂಬರ್ ಲೆಕ್ಕಕ್ಕಿಲ್ಲ, ಯಾಕಂದ್ರೆ ಕಿಟಕಿ ಪಕ್ಕ ಗಾಳಿ ಬರುತ್ತೆ ಅಂತ ರಾತ್ರೋರಾತ್ರಿ ಬೆಡ್ ಬದಲಾಯಿಸಿಕೊಂಡವರನ್ನು ನಾನೇ ನೋಡಿದ್ದೇನೆ. ಚೀಟಿ ಅಂಟಿಸುವುದು ಬೆಡ್ ಪಕ್ಕದಲ್ಲೇ, ನರ್ಸಿಂಗ್ ಸ್ಟೇಷನ್‌ಗೆ ಬಂದು ಅಲ್ಲ. ಬರೆದರೆ ನಾಲ್ಕು ಸಾಲು. ರೂಢಿಗೆ ತರಲು ಒಂದು ವರ್ಷ ಹಿಡಿಯಿತು. ಇವತ್ತಿಗೂ ರೌಂಡ್ಸ್ ಹೋದಾಗ "ಟ್ವೆಲ್ವ್‌ದು ಡ್ರಿಪ್ ಮುಗೀತು" ಅಂತ ಯಾರೋ ಕೂಗುವುದು ಕೇಳಿಸುತ್ತದೆ.

ಈಗ ನನ್ನ ಕಥೆ. ಇದನ್ನು ಬರೆಯಬೇಕಾ ಬೇಡವಾ ಅಂತ ಮೂರು ವಾರ ಎಳೆದಾಡಿದ್ದೇನೆ.

2011. ಆಗ ಬೇರೆ ಊರು, ಬೇರೆ ಆಸ್ಪತ್ರೆ. ನನ್ನದು ನೈಟ್ ಡ್ಯೂಟಿ. ಸಕ್ಕರೆ ಕಾಯಿಲೆಯ ಒಬ್ಬರು ಯಜಮಾನರು, ಕಾಲಿನ ಗಾಯಕ್ಕೆ ಅಂತ ಸೇರಿದ್ದವರು. ರಾತ್ರಿ ಊಟಕ್ಕೆ ಮುಂಚೆ 12 ಯೂನಿಟ್ ಇನ್ಸುಲಿನ್. ಮನೆಯಿಂದ ತಂದ ಇನ್ಸುಲಿನ್ ಪೆನ್ ಇತ್ತು ಅವರ ಹತ್ತಿರ, ಅದು ಕೈಕೊಟ್ಟಿತ್ತು, ಒತ್ತಿದರೆ ಔಷಧಿ ಬರುತ್ತಿರಲಿಲ್ಲ. ವಾರ್ಡಿನಲ್ಲಿ ಇನ್ಸುಲಿನ್ ಬಾಟಲಿ ಖಾಲಿ. ಫಾರ್ಮಸಿ ಇಳಿದು ಹೋಗಿ ಇಂಡೆಂಟ್ ಕೊಟ್ಟು ತರಲು ಅರ್ಧ ಗಂಟೆ. ಊಟದ ತಟ್ಟೆ ಆಗಲೇ ಬಂದಿದೆ. ಪೆನ್ನಿನ ಒಳಗಿನ ಕಾರ್ಟ್ರಿಡ್ಜ್ ತುಂಬಾ ಔಷಧಿ ಕಾಣುತ್ತಿತ್ತು. ನಾನು ಅದನ್ನು ಹೊರಗೆ ತೆಗೆದು, ಟ್ರೇಯಲ್ಲಿದ್ದ ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 12ರ ಗೆರೆಗೆ ಎಳೆದು ಕೊಟ್ಟೆ. ಬುದ್ಧಿವಂತಿಕೆ ಮಾಡಿದೆ ಅಂತಲೇ ಅನ್ನಿಸಿತ್ತು.

ಇನ್ಸುಲಿನ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಇದನ್ನು ನಿಧಾನವಾಗಿ ಓದಿ. ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಗಾಢತೆಯಲ್ಲಿ ಸಿಗುತ್ತದೆ. ಸಾಮಾನ್ಯ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಡ್ಜಿನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್. ಸಿರಿಂಜೂ ಎರಡು ತರ. 40ರದ್ದಕ್ಕೆ ಕೆಂಪು ಕ್ಯಾಪು, 100ರದ್ದಕ್ಕೆ ಕಿತ್ತಳೆ. ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 12ರ ಗೆರೆ ಅಂದರೆ 0.3 ಎಂಎಲ್. ಅಷ್ಟೇ ನೀರನ್ನು 100ರ ಕಾರ್ಟ್ರಿಡ್ಜಿನಿಂದ ಎಳೆದರೆ 30 ಯೂನಿಟ್. ಎರಡೂವರೆ ಪಟ್ಟು.

ರಾತ್ರಿ ಎರಡೂಕಾಲಿಗೆ ಅವರ ಹೆಂಡತಿ ಬಂದು ಕರೆದರು. ಅವರು ಮಂಚದ ಪಕ್ಕ ಚಾಪೆ ಹಾಕಿ ಮಲಗಿದ್ದರು, ಗಂಡನ ಕೈ ಜೋತುಬಿದ್ದು ಮುಖಕ್ಕೆ ತಾಗಿತಂತೆ, ತಣ್ಣಗೆ, ಒದ್ದೆ. ನಾನು ಹೋದಾಗ ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ಕರೆದರೆ ಏನೋ ತೊದಲುತ್ತಾರೆ. ಗ್ಲುಕೋಮೀಟರ್ 42 ತೋರಿಸಿತು, ಶುಗರ್ ತೀರಾ ಕೆಳಗೆ. ಡ್ಯೂಟಿ ಡಾಕ್ಟರನ್ನು ಕೂಗಿದೆ, 25 ಪರ್ಸೆಂಟ್ ಡೆಕ್ಸ್ಟ್ರೋಸ್, ಅಂದರೆ ಸಕ್ಕರೆಯ ಡ್ರಾವಣ, ಹೋಯಿತು, ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು "ಟೈಮೆಷ್ಟು?" ಅಂದರು. ಆಮೇಲೆ ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, "ದೇವ್ರು ಬಂದಂಗೆ ಬಂದ್ರಿ ಸಿಸ್ಟರ್" ಅಂದರು.

ಆಗ ನನಗಿನ್ನೂ ಗೊತ್ತಿರಲಿಲ್ಲ. ಬೆಳಗಿನ ಜಾವ ಕಸ ಬೇರೆ ಮಾಡುವಾಗ ಆ ಕೆಂಪು ಕ್ಯಾಪು ಕಣ್ಣಿಗೆ ಬಿತ್ತು. ಕೈಕಾಲು ತಣ್ಣಗಾಯಿತು. ಕೇಸ್ ಶೀಟಿನಲ್ಲಿ ಶುಗರ್ ಇಳಿದಿತ್ತು, ಡೆಕ್ಸ್ಟ್ರೋಸ್ ಕೊಟ್ಟೆವು, ಈಗ ಪರವಾಗಿಲ್ಲ ಅಂತ ಬರೆದೆ. ಬರೆದದ್ದೆಲ್ಲ ನಿಜವೇ. ಯಾಕೆ ಇಳಿಯಿತು ಅಂತ ಮಾತ್ರ ಬರೆಯಲಿಲ್ಲ. ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಡೋಸ್ ಜಾಸ್ತಿ ಆಗಿರಬೇಕು ಅಂತ 12ನ್ನು 8 ಮಾಡಿ ಹೋದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮೂರು ತಿಂಗಳಾದ ಮೇಲೆ ಮೇಲಿನ ಫ್ಲೋರಿನಲ್ಲಿ ನನ್ನದೇ ಬ್ಯಾಚಿನ ಒಬ್ಬಳು ಹಾಗೇ ಮಾಡಿದಳು. ಅದೇ ಕಾರ್ಟ್ರಿಡ್ಜ್, ಅದೇ ಕೆಂಪು ಕ್ಯಾಪು. ಆ ರೋಗಿ ಎರಡು ದಿನ ಐಸಿಯುನಲ್ಲಿದ್ದರು, ಉಳಿದರು. ಮನೆಯವರು ಬಂದು ಗಲಾಟೆ ಮಾಡಿದರು. ಮ್ಯಾನೇಜ್‌ಮೆಂಟ್ ಮೀಟಿಂಗ್ ಕರೆದು, ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ, ಇಷ್ಟೂ ಗೊತ್ತಾಗಲ್ವಾ ಅಂತ ಕೇಳಿದರು. ಮೆಮೊ ಕೊಟ್ಟರು, ಅರ್ಧ ತಿಂಗಳ ಸಂಬಳ ಹಿಡಿದರು. ಅವಳು ಕೆಲಸ ಬಿಟ್ಟಳು. ನಾನು ಮೂರನೇ ಸಾಲಿನಲ್ಲಿ ಕೂತು ನೆಲ ನೋಡುತ್ತಿದ್ದೆ. ನಾನು ಮೊದಲೇ ಬಾಯಿ ಬಿಟ್ಟಿದ್ದರೆ ಆ ಕೆಂಪು ಸಿರಿಂಜುಗಳು ಪೆನ್ನುಗಳ ಹತ್ತಿರ ಇರುತ್ತಲೇ ಇರಲಿಲ್ಲ. ಆ ಮೀಟಿಂಗ್ ಮುಗಿದ ಮೇಲೂ ಅವು ಅದೇ ಟ್ರೇಯಲ್ಲಿ ಇದ್ದವು ಅನ್ನುವುದು ಬೇರೆ ಮಾತು. ಹುಡುಗಿಯನ್ನು ತೆಗೆದಿದ್ದಾಯಿತಲ್ಲ, ಸಮಸ್ಯೆ ಮುಗಿಯಿತು.

ಹಾಗಾಗಿ ಈ ಕೆಲಸದಲ್ಲಿ ನಾನು ಕೇಳದೇ ಇರಲು ಕಲಿತ ಪ್ರಶ್ನೆ ಒಂದಿದೆ: ಯಾರು ಮಾಡಿದ್ದು? ಬಾಯಿ ತುದಿಗೆ ಮೊದಲು ಬರುವುದೇ ಅದು. ನುಂಗಿಕೊಳ್ಳಬೇಕು. ಹೇಗಾಯಿತು, ಆಗ ಕೈಗೆ ಏನು ಸಿಕ್ಕಿತು, ಏನು ಸಿಗಲಿಲ್ಲ, ಎಷ್ಟು ಜನ ಇದ್ದಿರಿ, ಫೋನ್ ಬಂದಿತ್ತಾ, ಇಷ್ಟು ಕೇಳಿದರೆ ಉಳಿದದ್ದು ತಾನಾಗಿ ಬರುತ್ತದೆ.

ಜೇಮ್ಸ್ ರೀಸನ್ ಅನ್ನುವ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಇಂಥ ಅನಾಹುತ ಆಗುವ ಬಗೆಯನ್ನು ತೂತು ತೂತಾಗಿರುವ ಸ್ವಿಸ್ ಚೀಸಿನ ಹೋಳುಗಳ ಹಾಗೆ ಅಂತ ವಿವರಿಸಿದ್ದಾರೆ. ಎಲ್ಲ ಟ್ರೈನಿಂಗಿನಲ್ಲೂ ಆ ಚಿತ್ರ ತೋರಿಸುತ್ತಾರೆ. ನಮ್ಮ ಹುಡುಗಿಯರಲ್ಲಿ ಎಷ್ಟು ಜನ ತೂತಿನ ಚೀಸ್ ನೋಡಿದ್ದಾರೆ? ನಾನು ದೋಸೆ ಅಂತೀನಿ. ಎಲ್ಲರ ಮನೆ ದೋಸೆನೂ ತೂತೇ ಅಲ್ವಾ, ಡಾಕ್ಟರ ದೋಸೆ ತೂತು, ಫಾರ್ಮಸಿ ದೋಸೆ ತೂತು, ನರ್ಸ್ ದೋಸೆಯೂ ತೂತು. ಒಂದರ ಮೇಲೊಂದು ಇಟ್ಟಾಗ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಯಾವತ್ತೋ ಒಂದು ದಿನ ಎಲ್ಲ ತೂತೂ ಒಂದೇ ನೇರಕ್ಕೆ ಬಂದರೆ ಚಟ್ನಿ ಸೀದಾ ತಟ್ಟೆಗೆ. ಕೊನೆಯ ದೋಸೆ ಯಾವಾಗಲೂ ನರ್ಸಿನದು, ಆದ್ದರಿಂದ ಬೈಗುಳವೂ ಅವಳಿಗೇ. ಕ್ಲಾಸಿನಲ್ಲಿ ನಗುತ್ತಾರೆ, ಆದರೆ ಮರೆಯುವುದಿಲ್ಲ.

ಇದು ನಮ್ಮೂರ ಕಾಯಿಲೆ ಮಾತ್ರ ಅಂತ ಅಂದುಕೊಳ್ಳಬೇಡಿ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಕೊಟ್ಟ ವರದಿಯ ಪ್ರಕಾರ ಆಸ್ಪತ್ರೆಗಳಲ್ಲಿ ಆಗುವ ತಪ್ಪುಗಳಿಂದ ಅಲ್ಲಿ ವರ್ಷಕ್ಕೆ 44 ಸಾವಿರದಿಂದ 98 ಸಾವಿರ ಜನ ಸಾಯುತ್ತಿದ್ದರು. ಅದರ ಬಗ್ಗೆ ಅಷ್ಟೊಂದು ಚರ್ಚೆಯಾದ ದೇಶದಲ್ಲೇ, 2017ರ ಕೊನೆಯಲ್ಲಿ, ಟೆನ್ನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಒಬ್ಬ ನರ್ಸ್ ಆತಂಕ ಕಡಿಮೆ ಮಾಡುವ ಔಷಧಿಯ ಬದಲು ಸ್ನಾಯುಗಳನ್ನೇ ನಿಶ್ಚಲ ಮಾಡುವ ವೆಕ್ಯುರೋನಿಯಂ ಕೊಟ್ಟುಬಿಟ್ಟರು. ಔಷಧಿ ಕೊಡುವ ಯಂತ್ರದಲ್ಲಿ ಹೆಸರಿನ ಮೊದಲ ಎರಡು ಅಕ್ಷರ ಒತ್ತಿದ್ದರು, ಬಂದದ್ದು ಬೇರೆ. ರೋಗಿ ತೀರಿಕೊಂಡರು. ತಪ್ಪಿನ ಮೇಲೆ ತಪ್ಪು ಆಗಿತ್ತು, ಬಾಟಲಿಯ ಮೇಲಿನ ಎಚ್ಚರಿಕೆ ಓದಿರಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಗೊತ್ತಾದ ಕೂಡಲೇ ನಾನೇ ಮಾಡಿದ್ದು ಅಂತ ಹೇಳಿದ್ದೂ ಅವರೇ. 2022ರ ಮಾರ್ಚಿನಲ್ಲಿ ಕೋರ್ಟು ಅವರನ್ನು ಅಪರಾಧಿ ಅಂದಿತು. ಮೇ ತಿಂಗಳಲ್ಲಿ ಮೂರು ವರ್ಷದ ಪ್ರೊಬೇಷನ್, ಜೈಲಿಲ್ಲ. ಆ ತೀರ್ಪಿನ ದಿನ ನಮ್ಮ ನರ್ಸುಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬಳು ಬರೆದಳು: "ಹೇಳಿದ್ದಕ್ಕೇ ಸಿಕ್ಕಿಹಾಕ್ಕೊಂಡ್ರು." ಒಂದಾದ ಮೇಲೊಂದು ಹೆಬ್ಬೆರಳು ಬಂತು ಅದಕ್ಕೆ. ತಪ್ಪು ಹೇಳಿಕೊಂಡರೆ ಹೆದರಬೇಕಿಲ್ಲ ಅಂತ ನಾಲ್ಕು ವರ್ಷ ನಾನು ಕಟ್ಟಿದ್ದ ಗೋಡೆಯಿಂದ ಒಂದು ಸಾಲು ಇಟ್ಟಿಗೆ ಉದುರಿದ ಹಾಗಾಯಿತು.

ದಿನದ ಕೆಲಸ ಇಷ್ಟೆಲ್ಲ ದೊಡ್ಡದಲ್ಲ. ಸುಮ್ನೆ ನಡೆಯುವುದು, ನೋಡುವುದು. ಪೊಟ್ಯಾಸಿಯಂ ಕ್ಲೋರೈಡ್ ಅಂತ ಒಂದು ಪುಟ್ಟ 10 ಎಂಎಲ್ ಆಂಪೂಲ್ ಬರುತ್ತದೆ. ಡ್ರಿಪ್ಪಿಗೆ ಬೆರೆಸಿ ನಿಧಾನವಾಗಿ ಹೋದರೆ ಔಷಧಿ, ನೇರವಾಗಿ ನರಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ನಾನು ಬಂದಾಗ ಅದು ವಾರ್ಡಿನ ಡ್ರಾಯರಿನಲ್ಲಿ, ಇಂಜೆಕ್ಷನ್ ಪೌಡರಿಗೆ ಬೆರೆಸುವ ನೀರಿನ ಆಂಪೂಲ್ ಪಕ್ಕದಲ್ಲೇ ಇತ್ತು. ಅದೇ ಗಾತ್ರ, ಅದೇ ಪ್ಲಾಸ್ಟಿಕ್, ಅಕ್ಷರ ಮಾತ್ರ ಬೇರೆ. ರಾತ್ರಿ ಮೂರು ಗಂಟೆಗೆ ಅಕ್ಷರ ಯಾರಿಗೆ ಕಾಣುತ್ತದೆ? ವಾರ್ಡಿನಿಂದ ತೆಗೆಸಿ ಐಸಿಯುನಲ್ಲಿ ಬೀಗ ಹಾಕಿ ಇಡಿಸಿದೆ. ಇನ್‌ಚಾರ್ಜ್ ಸಿಸ್ಟರ್ ಒಬ್ಬರು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. "ರಾತ್ರಿ ಬೇಕಾದ್ರೆ ಯಾರು ತರ್ತಾರೆ, ನೀನು ಬರ್ತೀಯಾ?" ನ್ಯಾಯವಾದ ಪ್ರಶ್ನೆಯೇ. ಕೊನೆಗೆ ರಾತ್ರಿ ಫಾರ್ಮಸಿಗೆ ಒಬ್ಬ ಹುಡುಗನನ್ನು ಜಾಸ್ತಿ ಹಾಕಿಸಿದ ಮೇಲೆ ತಣ್ಣಗಾಯಿತು.

ಫೋನಿನ ಆರ್ಡರ್‌ಗಳದ್ದು ಇನ್ನೊಂದು ಗೋಳು. ಡಾಕ್ಟರು ಕಾರಿನಲ್ಲಿ ಕೂತು ಫಿಫ್ಟೀನ್ ಅಂತಾರೆ, ಇಲ್ಲಿ ಫಿಫ್ಟಿ ಅಂತ ಕೇಳಿಸುತ್ತದೆ. ಹದಿನೈದು, ಐವತ್ತು ಅಂದಿದ್ದರೆ ಯಾವ ಕಿವಿಗೂ ಗೊಂದಲ ಇರುತ್ತಿರಲಿಲ್ಲ, ಈ ವಿಷಯದಲ್ಲಿ ಕನ್ನಡವೇ ಸುರಕ್ಷಿತ! ಆದರೆ ನಮ್ಮಲ್ಲಿ ಅರ್ಧಕ್ಕರ್ಧ ಹುಡುಗಿಯರು ಕೇರಳದವರು, ಹದಿನೈದು ಅಂದರೆ ಅವರು ನನ್ನ ಮುಖ ನೋಡುತ್ತಾರೆ. ಅದಕ್ಕೇ ಬರೆದುಕೊಂಡು, ಒಂದೊಂದೇ ಅಂಕಿ ಬಿಡಿಸಿ, "ಒನ್ ಫೈವ್, ಸರಿನಾ ಸರ್?" ಅಂತ ಓದಿ ಹೇಳಬೇಕು ಅಂತ ಮಾಡಿದೆವು. ಕೆಲವು ಡಾಕ್ಟರು ಓದಿ ಮುಗಿಯುವ ಮೊದಲೇ ಫೋನ್ ಇಟ್ಟುಬಿಡುತ್ತಾರೆ. ಮತ್ತೆ ಮಾಡಿ ಅಂತ ಹುಡುಗಿಯರಿಗೆ ಹೇಳಿದ್ದೇನೆ, ಬೈದರೆ ನನ್ನ ಹೆಸರು ಹೇಳಿ ಅಂತ. ಬೈದಿದ್ದಾರೆ, ನನ್ನ ಹೆಸರೂ ಹೇಳಿದ್ದಾರೆ.

ಬೀಳುವವರು ಹೆಚ್ಚಾಗಿ ಬೀಳುವುದು ಬೆಳಗಿನ ಜಾವ, ಬಾತ್‌ರೂಮಿನ ದಾರಿಯಲ್ಲಿ. ಬೆಲ್ ಇರುತ್ತದೆ, ಒತ್ತುವುದಿಲ್ಲ. ಯಾಕಜ್ಜ ಕರೀಲಿಲ್ಲ ಅಂದರೆ, "ಪಾಪ, ಮಗಳು ಈಗ ತಾನೇ ಮಲಗಿದ್ಲು." ಒಂದೇ ತಿಂಗಳಲ್ಲಿ ಒಂದೇ ರೂಮಿನಲ್ಲಿ ಇಬ್ಬರು ಬಿದ್ದಾಗ ಫಾರಂ ತುಂಬಿಸುವುದು ಬಿಟ್ಟು ರಾತ್ರಿ ಆ ರೂಮಿಗೆ ಹೋಗಿ, ಲೈಟ್ ಆರಿಸಿ, ಮಂಚದ ಮೇಲೆ ಮಲಗಿ, ಎದ್ದು ನಡೆದು ನೋಡಿದೆ. ಬಾತ್‌ರೂಮಿನ ಸ್ವಿಚ್ಚು ಬಾಗಿಲ ಹಿಂದೆ. ಹೊಸ್ತಿಲು ಎರಡು ಇಂಚು ಎತ್ತರ. ಸ್ವಿಚ್ ಹುಡುಕುತ್ತಾ ಕಾಲಿಟ್ಟರೆ ನಾನೇ ಮುಗ್ಗರಿಸುತ್ತೇನೆ. ಕಾರ್ಪೆಂಟರು, ಎಲೆಕ್ಟ್ರಿಷಿಯನ್ನು ಸೇರಿ ಒಂದು ಮಧ್ಯಾಹ್ನದ ಕೆಲಸ. ಅದಕ್ಕೆ ಮೊದಲು ಬಿದ್ದವರ ಫಾರಂಗಳಲ್ಲೆಲ್ಲ ಕಾರಣದ ಜಾಗದಲ್ಲಿ "ರೋಗಿಯ ಅಜಾಗರೂಕತೆ" ಅಂತ ಬರೆದಿತ್ತು.

ಆಪರೇಷನ್ ಥಿಯೇಟರಿನ ಚೆಕ್‌ಲಿಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಒಂದು ಹಾಳೆ ಅದು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿ ನೋಡಿದಾಗ ಆಪರೇಷನ್ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು, 2009ರಲ್ಲಿ ಪ್ರಕಟವಾಯಿತು. ಹಾಳೆ ನಮ್ಮಲ್ಲೂ ಇದೆ. ಒಂದು ದಿನ ನೋಡಿದರೆ ಕೊನೆಯ ಹಂತದ ಗುರುತು, ಅಂದರೆ ಆಪರೇಷನ್ ಮುಗಿದ ಮೇಲೆ ಹತ್ತಿ ಬಟ್ಟೆ ಲೆಕ್ಕ ಸರಿಯಿದೆ, ಒಳಗೆ ಉಳಿದಿಲ್ಲ ಅನ್ನುವುದು, ಹಾಕಿ ಸಹಿಯೂ ಆಗಿದೆ. ರೋಗಿ ಇನ್ನೂ ಹೊರಗೆ ಸ್ಟ್ರೆಚರ್ ಮೇಲೆ ಮಗನ ಹತ್ತಿರ ಮಾತಾಡುತ್ತಾ ಮಲಗಿದ್ದಾರೆ! ಹಾಳೆಯಲ್ಲಿ ಕಾಗದ ಬಿಟ್ಟು ಬೇರೆ ಯಾವ ಶಕ್ತಿಯೂ ಇಲ್ಲ ಅಂತ ಅವತ್ತು ಅರ್ಥವಾಯಿತು.

ಇನ್ನೊಂದು ಮಾತು ಹೇಳದಿದ್ದರೆ ಮೋಸವಾಗುತ್ತದೆ. ನನ್ನ ಹುದ್ದೆಯೇ ಕೆಲವೊಮ್ಮೆ ಹೊರೆ. ರಾತ್ರಿ ಹದಿನೈದು ರೋಗಿಗಳಿಗೆ ಒಬ್ಬಳೇ ಇರುವ ಹುಡುಗಿಗೆ ನಾನು ಮತ್ತೊಂದು ಫಾರಂ ಕೊಟ್ಟು ಬರುತ್ತೇನೆ. ಅವಳಿಗೆ ಬೇಕಾಗಿದ್ದು ಇನ್ನೊಬ್ಬ ನರ್ಸು. ಅದನ್ನು ಪ್ರತಿ ಮೀಟಿಂಗಿನಲ್ಲೂ ಹೇಳುತ್ತೇನೆ, ನೋಟ್ ಮಾಡ್ಕೊಳ್ತಾರೆ. ಮಾನ್ಯತೆಗೆ ತಪಾಸಣೆ ಅಂತ ದಿನ ಗೊತ್ತಾದರೆ ಮಾತ್ರ ಪೇಂಟು, ಹೊಸ ಡಸ್ಟ್‌ಬಿನ್ನು, ಎಲ್ಲ ವಾರ್ಡಿಗೂ ಎರಡೆರಡು ಜನ ಜಾಸ್ತಿ. ತಪಾಸಣೆಯವರು ವಾಪಸ್ ಹೊರಟ ರಾತ್ರಿಯೇ ಮತ್ತೆ ಒಬ್ಬಳು. ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ, 2019ರಿಂದ ನಡೆಯುತ್ತಿದೆ, ಅವತ್ತು ಕಿತ್ತಳೆ ಬಣ್ಣದ ಬಲೂನು ಕಟ್ಟಿ ಫೋಟೊ ತೆಗೆಸಿಕೊಳ್ಳುತ್ತೇವೆ. ಬಲೂನು ಊದುವುದೂ ನೈಟ್ ಡ್ಯೂಟಿ ಮುಗಿಸಿದ ಹುಡುಗಿಯರೇ.

ಆದರೂ ಒಂದು ಬದಲಾವಣೆ ಆಗಿದೆ. ಶುರುವಿನಲ್ಲಿ ಇಂಥ ತಪ್ಪಾಯಿತು ಅಂತ ತಿಂಗಳಿಗೆ ಒಂದು ಕೈಯ ಬೆರಳಲ್ಲಿ ಎಣಿಸುವಷ್ಟು ರಿಪೋರ್ಟ್ ಬರುತ್ತಿತ್ತು. ಈಗ ಫೈಲ್ ದಪ್ಪ ಆಗಿದೆ. ಹೊಸದಾಗಿ ಬಂದ ಆಡಳಿತಾಧಿಕಾರಿ ಒಬ್ಬರು ಅದನ್ನು ನೋಡಿ, "ಏನ್ ಮೇಡಂ, ನೀವು ಬಂದ್ಮೇಲೆ ತಪ್ಪು ಜಾಸ್ತಿ ಆಗಿದೆಯಲ್ಲ" ಅಂದರು. ಮೊದಲೂ ಇಷ್ಟೇ ಆಗುತ್ತಿತ್ತು ಸರ್, ಯಾರೂ ಹೇಳುತ್ತಿರಲಿಲ್ಲ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ನನಗೆ ಮಾತ್ರ ಹೆದರಿಕೆಯಾಗುವುದು ಒಂದೂ ರಿಪೋರ್ಟ್ ಬರದ ವಾರ್ಡನ್ನು ಕಂಡರೆ.

ಹೊಸ ಬ್ಯಾಚಿಗೆ ಕ್ಲಾಸ್ ತೆಗೆದುಕೊಳ್ಳುವಾಗ ಹೋದ ವರ್ಷದಿಂದ ಇನ್ಸುಲಿನ್ ಕಥೆ ಹೇಳುತ್ತಿದ್ದೇನೆ. ಎರಡೂ ಸಿರಿಂಜು ಮೇಜಿನ ಮೇಲೆ ಇಟ್ಟು, ಕೆಂಪು ಕ್ಯಾಪಿನದನ್ನು ಕೈಗೆ ತಗೊಂಡು, ಇದನ್ನು ಮಾಡಿದವಳು ನಾನು ಅಂತ. ಮೊದಲ ಸಲ ಹೇಳಿದಾಗ ಫ್ಯಾನಿನ ಸದ್ದು ಬಿಟ್ಟು ಏನೂ ಇರಲಿಲ್ಲ. ಕ್ಲಾಸ್ ಮುಗಿದು ಎಲ್ಲರೂ ಹೋದ ಮೇಲೆ ಒಬ್ಬಳು ಬಾಗಿಲ ಹತ್ತಿರವೇ ನಿಂತಿದ್ದಳು. "ಅಕ್ಕಾ, ಏನೂ ಆಗಿಲ್ಲ, ಪೇಷಂಟ್ ಆರಾಮಾಗಿದ್ದಾರೆ, ಆದ್ರೂ..." ಅಂದಳು. ಕುರ್ಚಿ ಎಳೆದು ಕೂರಿಸಿದೆ. ಅವಳಿಗೆ ಕಾಫಿ ತರಿಸಿದೆ. ಕೈ ನಡುಗುತ್ತಿತ್ತು, ಸಾಸರಿಗೆ ಚೆಲ್ಲಿತು.

ಆ ಸಂಜೆ ಮನೆಗೆ ಬಂದು ಫೋನ್ ಹಿಡಿದು ಕೂತೆ. ನನ್ನ ಬ್ಯಾಚಿನವಳು, ಆ ಮೀಟಿಂಗಿನಲ್ಲಿ ಎಲ್ಲರ ಮುಂದೆ ನಿಂತವಳು, ಈಗ ಮಸ್ಕತ್ತಿನಲ್ಲಿ ಕೆಲಸ ಮಾಡುತ್ತಾಳೆ. ನಂಬರ್ ಎಷ್ಟೋ ವರ್ಷದಿಂದ ಇತ್ತು, ಹಬ್ಬಕ್ಕೆ ಶುಭಾಶಯ ಕಳಿಸುವುದು ಬಿಟ್ಟರೆ ಮಾತಿರಲಿಲ್ಲ. ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಕಳಿಸಿದೆ: "ನಿನಗಿಂತ ಮೂರು ತಿಂಗಳು ಮುಂಚೆ ನಾನೂ ಅದನ್ನೇ ಮಾಡಿದ್ದೆ. ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ."

ನೀಲಿ ಗೆರೆ ಎರಡು ಬಂತು. ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು, ಬಹುಶಃ ಅವಳ ಡ್ಯೂಟಿ ಮುಗಿದ ಹೊತ್ತಿಗೆ, ಒಂದು ಫೋಟೊ ಬಂತು. ಸ್ಟೀಲ್ ಟ್ರೇ, ಅದರ ತುಂಬಾ ಸಿರಿಂಜು. ಕೆಳಗೆ ಒಂದೇ ಸಾಲು.

"ಇಲ್ಲಿ ಕೆಂಪು ಕ್ಯಾಪಿಂದು ಇಲ್ಲವೇ ಇಲ್ಲ ಕಣೇ. ಎಲ್ಲಾ ಕಿತ್ತಳೆ."